ಫ್ಯೋರ್ಡ್‌ಗಳ ನಾಡಿನಲ್ಲಿ ಐದು ದಿನ

ನಾರ್ವೆಯ ಫ್ಯೋರ್ಡ್‌ಗಳನ್ನು ತೋರಿಸಲು ಕನ್ನಡಿಗರ ತಂಡವೊಂದನ್ನು ಮೊದಲ ಸಲ ಕರೆದುಕೊಂಡು ಹೋದಾಗ ಭೂಪಟವನ್ನು ನಂಬಿ ನಾನು ಕೆಟ್ಟೆ. ಹಿಮನದಿಗಳು ಕೊರೆದ ಕಣಿವೆಗಳಿಗೆ ಕಡಲು ನುಗ್ಗಿ ಆದ ಈ ಫ್ಯೋರ್ಡ್‌ಗಳು ನೆಲವನ್ನು ಒಳಗೊಳಗೆ ಸೀಳಿಕೊಂಡು ಹೋಗುತ್ತವೆ. ಸೋಗ್ನೆಫ್ಯೋರ್ಡ್ ಒಂದೇ 200 ಕಿಲೋಮೀಟರಿಗೂ ಉದ್ದವಿದ್ದು, ಆಳ 1,300 ಮೀಟರನ್ನು ಮೀರುತ್ತದೆ. ಎದುರು ದಡದ ಮನೆಯಂಗಳದಲ್ಲಿ ಒಣಹಾಕಿದ ಬಟ್ಟೆ ಕಣ್ಣಿಗೆ ಕಾಣುತ್ತಿದ್ದರೂ, ಅಲ್ಲಿಗೆ ತಲುಪಲು ಫೆರಿಗೆ ಕಾಯಬೇಕು, ಇಲ್ಲವೇ ಗುಡ್ಡ ಸುತ್ತಬೇಕು.

ಇದರ ಜೊತೆಗೆ ಚಾಲಕನ ಗಡಿಯಾರ. ಅಲ್ಲಿನ ನಿಯಮದಂತೆ ನಾಲ್ಕೂವರೆ ಗಂಟೆ ಬಸ್ ಓಡಿಸಿದ ಮೇಲೆ 45 ನಿಮಿಷಗಳ ವಿರಾಮ ಕಡ್ಡಾಯ, ದಿನದ ವಿಶ್ರಾಂತಿಯೂ ಕಡ್ಡಾಯ. 'ಇನ್ನು ಹತ್ತೇ ನಿಮಿಷ, ಹೊಂದಿಸಿಕೊಳ್ಳಿ' ಎಂಬ ನಮ್ಮ ಮಾತು ಅಲ್ಲಿ ನಡೆಯುವುದಿಲ್ಲ. ಆ ಸಲ ಫೆರಿಯ ಸಾಲಿನಲ್ಲಿ ಕಳೆದುಕೊಂಡ ಹೊತ್ತಿಗೆ ಒಂದು ಮುಖ್ಯ ನೋಟತಾಣವನ್ನೇ ಕೈಬಿಡಬೇಕಾಯಿತು. ಗೈರಾಂಗರ್ ಎಂಬ ಇನ್ನೊಂದು ಫ್ಯೋರ್ಡ್‌ಗೆ ಹೋಗಿ ಬರುವಷ್ಟರಲ್ಲಿ ಹಿರಿಯರೆಲ್ಲ ಬಸ್ಸಿನಲ್ಲೇ ನಿದ್ದೆ ಹೋಗಿದ್ದರು. ತಪ್ಪು ಪೂರ್ತಿಯಾಗಿ ನನ್ನದೇ.

ಮುಂದಿನ ಜೂನ್‌ನಲ್ಲಿ ಗೈರಾಂಗರನ್ನು ಬಿಟ್ಟು, ಫ್ಲೋಮ್ ಎಂಬ ಪುಟ್ಟ ಊರಿನಲ್ಲಿ ಎರಡು ರಾತ್ರಿಗಳನ್ನಿಟ್ಟೆ. ಓಸ್ಲೋದಲ್ಲಿ ಒಂದು ದಿನ ಕಳೆದ ಮೇಲೆ, ಪೆಟ್ಟಿಗೆಗಳನ್ನೆಲ್ಲ ಬಸ್ಸಿಗೆ ಹಾಕಿ ಚಾಲಕನನ್ನು ರಸ್ತೆಯಲ್ಲಿ ಕಳಿಸಿ, ಹದಿನೆಂಟು ಜನರನ್ನೂ ನಾನು ರೈಲು ಹತ್ತಿಸಿದೆ. ಬರ್ಗೆನ್ ಮಾರ್ಗದ ರೈಲು 1,222 ಮೀಟರ್ ಎತ್ತರದ ಫಿನ್ಸೆಯನ್ನು ದಾಟಿ ಮಿರ್ದಾಲ್‌ಗೆ ಬರುತ್ತದೆ. ಅಲ್ಲಿಂದ ಇನ್ನೊಂದು ರೈಲು ಸುಮಾರು 20 ಕಿಲೋಮೀಟರ್ ದೂರದಲ್ಲಿ 860ಕ್ಕೂ ಹೆಚ್ಚು ಮೀಟರ್ ಇಳಿದು, ಇಪ್ಪತ್ತು ಸುರಂಗಗಳನ್ನು ಹಾದು, ಫ್ಲೋಮ್‌ನ ನೀರಿನಂಚಿಗೆ ಮುಟ್ಟಿಸುತ್ತದೆ. ನಡುವೆ ಶೋಸ್‌ಫಾಸೆನ್ ಜಲಪಾತದ ಬಳಿ ಕೆಲವು ನಿಮಿಷ ನಿಲುಗಡೆಯಿದೆ. ಈ ರೈಲಿಗೆ ವಿದ್ಯುತ್ ಒದಗಿಸಲೆಂದೇ ಆ ನೀರಿನಿಂದ ವಿದ್ಯುದಾಗಾರ ಕಟ್ಟಿದ್ದರೆಂದು ನಾನು ಹೇಳಿದಾಗ, ತಂಡದಲ್ಲಿದ್ದ ಸಾಗರದ ಹಿರಿಯರೊಬ್ಬರು, "ನಮ್ಮ ಶರಾವತಿ ಹಾಗೆ ಇದೂ ಸುಮ್ನೆ ಬೀಳೋ ನೀರಲ್ಲ ಅನ್ನಿ" ಎಂದರು.

ಮರುದಿನ ಬೆಳಿಗ್ಗೆ ಫ್ಲೋಮ್‌ನಿಂದ ಗುದ್ವಾಂಗೆನ್‌ಗೆ ದೋಣಿ. ಸುಮಾರು ಎರಡು ಗಂಟೆಗಳ ಈ ಪಯಣಕ್ಕಾಗಿಯೇ ಉಳಿದೆಲ್ಲ ಏರ್ಪಾಡು ಎಂದರೂ ತಪ್ಪಲ್ಲ. ದೋಣಿ ಔರ್ಲಾಂಡ್ ಫ್ಯೋರ್ಡ್‌ನಲ್ಲಿ ಸಾಗಿ, ತಿರುವು ಪಡೆದು, 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ನಾರೊಯ್ ಫ್ಯೋರ್ಡನ್ನು ಹೊಗುತ್ತದೆ. ಒಂದೆಡೆ ಅದರ ಅಗಲ ಕೇವಲ 250 ಮೀಟರ್. ಎರಡೂ ಬದಿಯ ಬಂಡೆಗೋಡೆಗಳಿಂದ ನೀರು ಎಳೆಎಳೆಯಾಗಿ ಇಳಿಯುತ್ತಿರುತ್ತದೆ. 2018ರಿಂದ ಇಲ್ಲಿ ಪೂರ್ಣ ವಿದ್ಯುಚ್ಚಾಲಿತ ದೋಣಿಯೂ ಓಡುತ್ತಿದೆ; ಅದರಲ್ಲಿ ಎಂಜಿನ್ನಿನ ಗದ್ದಲವಿಲ್ಲ. ಹಾಗಾಗಿ ಸ್ಥಳೀಯ ಮಾರ್ಗದರ್ಶಿಯಲ್ಲಿ, ಹೇಳಬೇಕಾದುದನ್ನೆಲ್ಲ ಆ ತಿರುವು ಬರುವುದರೊಳಗೆ ಹೇಳಿ ಮುಗಿಸುವಂತೆ ಮೊದಲೇ ಕೇಳಿಕೊಂಡಿದ್ದೆ. ಆಕೆ ನಕ್ಕರು, ಒಪ್ಪಿದರು. ಮೊದಲ ಇಪ್ಪತ್ತು ನಿಮಿಷ ಮೊಬೈಲ್‌ಗಳದ್ದೇ ಭರಾಟೆ. ಆಮೇಲೆ ಚಳಿಗೆ ಕೈಗಳು ಜೇಬು ಸೇರಿದವು, ಮಾತೂ ನಿಂತಿತು. ಜೂನ್‌ನಲ್ಲೂ ಮೇಲ್ತಟ್ಟಿನ ಗಾಳಿಗೆ ಉಣ್ಣೆಯ ಟೋಪಿ ಬೇಕು. ಛತ್ರಿಗಿಂತ ಮಳೆಯಂಗಿ ಮೇಲು.

ಗುದ್ವಾಂಗೆನ್‌ನಿಂದ ಬಸ್ಸಿನಲ್ಲಿ ಫ್ಲೋಮ್‌ಗೆ ಮರಳಿದ ಮೇಲೆ ನಮ್ಮ ಚಾಲಕನಿಗೆ ಬಿಡುವು. ಸಂಜೆ ಸ್ಥಳೀಯ ಸಣ್ಣ ಬಸ್ಸೊಂದನ್ನು ಗೊತ್ತುಮಾಡಿ, ಫ್ಯೋರ್ಡ್‌ನಿಂದ 650 ಮೀಟರ್ ಎತ್ತರದ ಸ್ಟೇಗಾಸ್ಟೈನ್ ಎಂಬ ನೋಟದ ಅಟ್ಟಣೆಗೆ ಹೋದೆವು. ಹಗಲಿನ ಬಸ್ಸುಗಳೆಲ್ಲ ಹಿಂದಿರುಗಿದ್ದವು; ರಾತ್ರಿ ಒಂಬತ್ತಾದರೂ ಬೆಳಕು ಆರಿರಲಿಲ್ಲ.

ಊಟದ ಚಿಂತೆ ಬೇರೆಯೇ. ಸಸ್ಯಾಹಾರಿಗಳ ಸಂಖ್ಯೆಯನ್ನು ಹೋಟೆಲುಗಳಿಗೆ ಮೊದಲೇ ಬರೆದು ತಿಳಿಸಿದ್ದರೂ ಅವಲಕ್ಕಿ, ಚಟ್ನಿಪುಡಿಗಳ ಡಬ್ಬಿಯೇ ಆಪದ್ಬಾಂಧವ. ಅಲ್ಲಿನ ಕಂದು ಚೀಸ್ ಮಾತ್ರ ಎಲ್ಲರಿಗೂ ಹಿಡಿಸಿತು. ಹಾಲೊಡೆದ ನೀರನ್ನು ಕೆನೆಯೊಡನೆ ಬತ್ತಿಸಿ ಮಾಡುವ ಅದನ್ನು ಧಾರವಾಡದ ದಂಪತಿ ತಮ್ಮೂರಿನ ಪೇಡೆಗೆ ಹೋಲಿಸಿದರು. ಅದರ ಉಪ್ಪನ್ನು ಮರೆತರೆ ಹೋಲಿಕೆ ಅಷ್ಟೇನೂ ದೂರವಲ್ಲ.

ಕೊನೆಗೆ ತಲುಪಿದ ಬರ್ಗೆನ್ ನಗರದಲ್ಲಿ, ನಿರೀಕ್ಷಿಸಿದಂತೆ, ಮಳೆ. 1702ರ ಬೆಂಕಿಯ ನಂತರ ಮತ್ತೆ ಕಟ್ಟಿದ ಬ್ರುಗ್ಗೆನ್ ಎಂಬ ಹಳೆಯ ಬಂದರುಕಟ್ಟೆಯ ಮರದ ಮಳಿಗೆಗಳ ಸಂದಿಗಳಲ್ಲಿ ನೆನೆಯುತ್ತಲೇ ಓಡಾಡಿದೆವು. ಗೈರಾಂಗರನ್ನು ಈಗ ಎಂಟು ದಿನಗಳಿಗೆ ಒಪ್ಪುವ ತಂಡಗಳಿಗೆ ಮಾತ್ರ ತೋರಿಸುತ್ತೇನೆ.