ಸೈಟ್ ಪಕ್ಕ ರಾಜಕಾಲುವೆ ಇದೆಯಾ? ಅಡ್ವಾನ್ಸ್ ಕೊಡುವ ಮುಂಚೆ ಆನ್‌ಲೈನ್‌ನಲ್ಲೇ ನೋಡಿಕೊಳ್ಳಿ

ಬೆಂಗಳೂರು ಸುತ್ತಮುತ್ತ ಸೈಟ್ ಕೊಳ್ಳುವವರು ಇಸಿ (ಋಣಭಾರ ಪ್ರಮಾಣಪತ್ರ), ಖಾತಾ, ತೆರಿಗೆ ರಸೀದಿ ನೋಡಿ ‘ಪೇಪರ್ ಎಲ್ಲಾ ಕ್ಲಿಯರ್’ ಎಂದು ಅಡ್ವಾನ್ಸ್ ಕೊಟ್ಟುಬಿಡುತ್ತಾರೆ. ಈ ಮೂರೂ ಜಾಗ ಯಾರ ಹೆಸರಲ್ಲಿದೆ, ಯಾವ ಮಾರಾಟ, ಸಾಲ ನೋಂದಣಿಯಾಗಿದೆ, ತೆರಿಗೆ ಕಟ್ಟಿದೆಯಾ ಎಂದಷ್ಟೇ ಹೇಳುತ್ತವೆ. ಮಳೆ ನೀರು ಹರಿಯುವ ರಾಜಕಾಲುವೆ ಎಲ್ಲಿದೆ ಎಂದು ಹೇಳುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಮುಳುಗಿದ ಬಡಾವಣೆಗಳ ಮನೆಗಳೇನು ಸೇಲ್ ಡೀಡ್ ಇಲ್ಲದ ಮನೆಗಳಾ? ನೀರಿನ ಲೆಕ್ಕ ಬೇರೆ ಕಾಗದಗಳಲ್ಲಿದೆ, ಅವೂ ಮನೆಯಲ್ಲೇ ಕೂತು ಸಿಗುತ್ತವೆ.

ಮೊದಲು ಸರ್ವೆ ನಂಬರ್ ಬೇಕು, ಹಿಸ್ಸಾ (ಅದರ ಉಪವಿಭಾಗದ ನಂಬರ್) ಸಮೇತ. ಸೈಟ್ ನಂಬರ್ ಹಿಡಿದುಕೊಂಡು ಹುಡುಕಿದರೆ ಏನೂ ಸಿಗುವುದಿಲ್ಲ. ಮಾರುವವರು ಕೊಟ್ಟ ನಂಬರನ್ನೂ ಸುಮ್ನೆ ನಂಬಬೇಡಿ. ಜಾಗದಲ್ಲೇ ನಿಂತು ಸರ್ಕಾರದ ದಿಶಾಂಕ್ ಆ್ಯಪ್ ತೆರೆಯಿರಿ, ನೀವು ನಿಂತಿರುವುದು ಯಾವ ಸರ್ವೆ ನಂಬರಿನಲ್ಲಿ ಎಂದು ತೋರಿಸುತ್ತದೆ. ಅಷ್ಟಕ್ಕೆ ಮಾತ್ರ ಅದು ಸಾಕು. ಅದರ ಗೆರೆ ನೋಡಿ ಗಡಿ ಅಳೆಯಬೇಡಿ, ಮೊಬೈಲಿನ ಜಿಪಿಎಸ್ಸೇ ಕೆಲವು ಮೀಟರ್ ಆಚೀಚೆ ಆಗುತ್ತದೆ.

ಆಮೇಲೆ ಸರ್ಕಾರದ ‘ಭೂಮಿ’ ಜಾಲತಾಣದಲ್ಲಿ ಪಹಣಿ (ಜಮೀನಿನ ದಾಖಲೆ) ತೆಗೆಯಿರಿ. ಎಲ್ಲರೂ ಮಾಲೀಕರ ಹೆಸರಿಗೆ ಹಾರುತ್ತಾರೆ, ನೀವು ವಿಸ್ತೀರ್ಣದ ಕಾಲಂ ನೋಡಿ. ಅಲ್ಲಿ ಫೂಟ್ ಖರಾಬು (ಸಾಗುವಳಿಗೆ ಬಾರದ ಜಾಗ) ‘ಅ’, ‘ಬ’ ಎಂದಿರುತ್ತದೆ. ‘ಬ’ ಖರಾಬು ಎಂದರೆ ಹಳ್ಳ, ಕಾಲುವೆ, ದಾರಿಯಂಥ ಸಾರ್ವಜನಿಕ ಜಾಗ, ಯಾರೂ ಮಾರುವ ಹಾಗಿಲ್ಲ. ನಾಲ್ಕು ಗುಂಟೆ ‘ಬ’ ಖರಾಬು ಇದ್ದರೆ ಆ ನಾಲ್ಕು ಗುಂಟೆ ನೆಲದ ಮೇಲೆ ಎಲ್ಲಿದೆ ಎಂದು ಕೇಳಿ. ಕೈ ತೋರಿಸಿ ಹೇಳಲಾಗದಿದ್ದರೆ ಅದು ಯಾರದೋ ಸೈಟಿನೊಳಗೆ ಸೇರಿದೆ ಎಂದೇ ಅನುಮಾನಿಸಿ.

ಜನ ಜಾಸ್ತಿ ಎಡವುವುದು ಇಲ್ಲಿಂದ ಮುಂದೆ, ಗ್ರಾಮ ನಕ್ಷೆಯಲ್ಲಿ. ಕಂದಾಯ ಇಲಾಖೆಯ ತಾಣದಲ್ಲಿ ಜಿಲ್ಲೆ, ತಾಲ್ಲೂಕು, ಹೋಬಳಿ ಆರಿಸಿದರೆ ಪಿಡಿಎಫ್ ಇಳಿಯುತ್ತದೆ. ಪಕ್ಕದ ಊರಿನ ನಕ್ಷೆಯನ್ನೂ ಜೊತೆಗೇ ಇಳಿಸಿಕೊಳ್ಳಿ, ಯಾಕೆಂದರೆ ಹಳ್ಳ ಊರಿನ ಗಡಿಗೆ ನಿಲ್ಲುವುದಿಲ್ಲ, ನಕ್ಷೆ ನಿಲ್ಲುತ್ತದೆ. ನಿಮ್ಮ ಸರ್ವೆ ನಂಬರಿನಿಂದ ಶುರು ಮಾಡಬೇಡಿ. ಮೇಲಿನ ಕೆರೆ ಹುಡುಕಿ, ಅದರ ಕೋಡಿಯಿಂದ (ಕೆರೆ ತುಂಬಿದಾಗ ನೀರು ಹೊರಬೀಳುವ ಜಾಗ) ಹೊರಟ ಗೆರೆಯನ್ನು ಕೆಳಗಿನ ಕೆರೆಯವರೆಗೂ ಬೆರಳಿಟ್ಟು ಹಿಂಬಾಲಿಸಿ. ನಡುವೆ ಎಲ್ಲೋ ಗೆರೆ ಮಾಯವಾದರೂ ನೀರು ಮಾಯವಾಗಿಲ್ಲ. ಅದು ತುಂಡಾದ ಜಾಗದಲ್ಲೇ ನಿಮ್ಮ ಸರ್ವೆ ನಂಬರ್ ಇದ್ದರೆ ಅಲ್ಲಿಗೇ ನಿಂತು ಯೋಚಿಸಿ.

ಹಳೆಯ ಗ್ರಾಮ ನಕ್ಷೆಗಳು ಸಾಮಾನ್ಯವಾಗಿ 1:7920 ಅಳತೆಯವು. ಅಂದರೆ ಕಾಗದದ ಮೇಲಿನ 1 ಮಿಲಿಮೀಟರ್ ನೆಲದ ಮೇಲೆ ಸುಮಾರು 8 ಮೀಟರ್. ಮೂವತ್ತು ನಲವತ್ತು ಅಡಿಯ ಸೈಟ್ ಅದರಲ್ಲಿ ಒಂದು ಸಾಸಿವೆ ಕಾಳಿನಷ್ಟೇ ಇರುತ್ತದೆ, ಪೆನ್ನಿನ ಗೆರೆಯ ದಪ್ಪವೇ ಕೆಲವು ಮೀಟರ್ ನುಂಗುತ್ತದೆ. ಹಾಗಾಗಿ ಕಾಲುವೆ ಹತ್ತಿರ ಇದೆಯೋ ಇಲ್ಲವೋ ಎಂದು ತಿಳಿಯಲು ಈ ನಕ್ಷೆ ಬಳಸಿ, ಎಷ್ಟು ಮೀಟರ್ ಎಂದು ತೀರ್ಮಾನಿಸಲು ಬೇಡ. ಪ್ರಿಂಟ್ ತೆಗೆಯುವಾಗ ‘ಪುಟಕ್ಕೆ ಹೊಂದಿಸು’ ಆಯ್ಕೆ ಒತ್ತಿದರೆ ಈ ಅಳತೆಯೂ ಕೆಡುತ್ತದೆ. ನನ್ನ ಮಾತು ಕೇಳಿ, ಕಂಪ್ಯೂಟರ್‌ನಲ್ಲಿ ಗೂಗಲ್ ಅರ್ಥ್ ಮೇಲೆ ನಕ್ಷೆ ಹಾಸಿ, ಕೆರೆ ಏರಿ, ಗಡಿಗಳು ಕೂಡುವ ಜಾಗ ಹೀಗೆ ಕನಿಷ್ಠ ಮೂರು ಕಡೆ ಹೊಂದಿಸಿ. ಆಮೇಲೆ ಅದರಲ್ಲೇ ಹಳೆಯ ವರ್ಷಗಳ ಉಪಗ್ರಹ ಚಿತ್ರ ತೆರೆದು ನೋಡಿ. ಈಗ ಕಾಂಕ್ರೀಟ್ ರಸ್ತೆ ಇರುವ ಕಡೆ ಆಗ ಹಸಿರು ಪಟ್ಟಿ ಕಂಡರೆ ನಿಮಗೆ ಉತ್ತರ ಸಿಕ್ಕಿತು.

‘ಒಂದು ಗಂಟೆಯಲ್ಲಿ ಲೀಗಲ್ ರಿಪೋರ್ಟ್’ ಎಂದು ದುಡ್ಡು ಕೇಳುವ ಜಾಹೀರಾತುಗಳಿವೆಯಲ್ಲ, ಅವಕ್ಕೆ ಒಂದು ಪೈಸೆಯೂ ಕೊಡಬೇಡಿ. ಇಸಿ, ಪಹಣಿ ಎರಡನ್ನೂ ಅಂಟಿಸಿ ಕಳಿಸುವುದು ನೀವೇ ಮಾಡಬಹುದಾದ ಕೆಲಸ.

ನೋಂದಣಿ ಇಲಾಖೆಯ ಕಾವೇರಿ 2.0 ತಾಣದಲ್ಲಿ ಇಸಿ ಜೊತೆಗೆ ಹಳೆಯ ಕ್ರಯಪತ್ರಗಳ ದೃಢೀಕೃತ ನಕಲಿಗೂ ಅರ್ಜಿ ಹಾಕಿ. ಎಲ್ಲದರ ಚೆಕ್ಕುಬಂದಿಯನ್ನು (ನಾಲ್ಕೂ ದಿಕ್ಕಿನ ಗಡಿ ವಿವರ) ಸಾಲಾಗಿ ಇಟ್ಟು ಓದಿ. ಹಳೇ ಪತ್ರದಲ್ಲಿ ‘ಉತ್ತರಕ್ಕೆ ಹಳ್ಳ’ ಎಂದಿದ್ದು ಹೊಸದರಲ್ಲಿ ‘ಉತ್ತರಕ್ಕೆ ರಸ್ತೆ’ ಆಗಿದ್ದರೆ ಆ ಹಳ್ಳ ಎಲ್ಲಿಗೆ ಹೋಯಿತು? ಈ ಒಂದು ಸಾಲು ಹತ್ತು ಕಾಗದಕ್ಕಿಂತ ಜಾಸ್ತಿ ಹೇಳುತ್ತದೆ.

ಬಡಾವಣೆ ನಕ್ಷೆಯನ್ನು ಬ್ರೋಕರ್ ಕಳಿಸಿದ ವಾಟ್ಸ್ಆ್ಯಪ್ ಫೋಟೋದಲ್ಲಿ ನೋಡಬೇಡಿ, ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿದ್ದರೆ ಆ ತಾಣದಿಂದಲೇ ಇಳಿಸಿಕೊಳ್ಳಿ.

ಇನ್ನು ಬಫರ್, ಅಂದರೆ ಕಾಲುವೆ, ಕೆರೆ ಪಕ್ಕ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗ. ಬೆಂಗಳೂರಿನ ‘ಪರಿಷ್ಕೃತ ಮಾಸ್ಟರ್ ಪ್ಲಾನ್ 2015’ರ ಪ್ರಕಾರ ದೊಡ್ಡದಾದ ಪ್ರಾಥಮಿಕ ಕಾಲುವೆಗೆ 50, ಅದಕ್ಕಿಂತ ಚಿಕ್ಕ ದ್ವಿತೀಯಕ್ಕೆ 25, ಇನ್ನೂ ಚಿಕ್ಕ ತೃತೀಯಕ್ಕೆ 15 ಮೀಟರ್, ಕೆರೆಗೆ 30 ಮೀಟರ್. ಕಾಲುವೆಗೆ ಅಳೆಯುವುದು ದಡದಿಂದ ಅಲ್ಲ, ನಡುಮಧ್ಯದಿಂದ. ಕೆರೆಗೆ 75 ಮೀಟರ್ ಎಂದ ಹಸಿರು ನ್ಯಾಯಮಂಡಳಿಯ 2016ರ ಆದೇಶವನ್ನು ಸುಪ್ರೀಂ ಕೋರ್ಟ್ 2019ರ ಮಾರ್ಚ್‌ನಲ್ಲಿ ರದ್ದು ಮಾಡಿತು, ಆದರೂ ಆ ಅಂಕಿ ಇನ್ನೂ ಬಾಯಿಂದ ಬಾಯಿಗೆ ಓಡಾಡುತ್ತಿದೆ. ನಿಯಮ ತಿದ್ದುಪಡಿ ಆಗುತ್ತಲೇ ಇರುವುದರಿಂದ ಕೊಳ್ಳುವ ದಿನ ಜಾರಿಯಲ್ಲಿರುವುದನ್ನೇ ನೋಡಿ. ಬೇರೆ ಊರಾದರೆ ಅಲ್ಲಿನ ಯೋಜನಾ ಪ್ರಾಧಿಕಾರದ ನಿಯಮ.

ಮೀಟರ್ ಲೆಕ್ಕ ಬಿಗಿಯಾಗಿದ್ದರೆ ಮಾರುವವರಿಂದಲೇ ಹದ್ದುಬಸ್ತಿಗೆ (ಸರ್ಕಾರಿ ಗಡಿ ಅಳತೆಗೆ) ಅರ್ಜಿ ಹಾಕಿಸಿ, ಸರ್ವೆಯರ್ ಬಂದಾಗ ನೀವೂ ಅಲ್ಲಿರಿ. ಅದಕ್ಕೂ ಮುಂಚೆ ಅಡ್ವಾನ್ಸ್ ಕೇಳಿದರೆ, ಅಳತೆಯಲ್ಲಿ ಕಾಲುವೆ ಅಥವಾ ಬಫರ್ ಬಂದರೆ ಪೂರ್ತಿ ಹಣ ವಾಪಸ್ ಎಂಬ ಷರತ್ತನ್ನು ಒಪ್ಪಂದದಲ್ಲಿ ಬರೆಸಿ. ಬಾಯಿಮಾತಿಗೆ ಒಪ್ಪಿ, ಬರೆದು ಕೊಡಲು ಹಿಂದೇಟು ಹಾಕುವವರ ಜೊತೆ ವ್ಯವಹಾರ ಮಾಡಬೇಡಿ.