ಕೇಪ್ ತೊಟ್ಟ ಪುಟಾಣಿ ಹೀರೋ: ಕ್ರೋಶಾ ಹುಕ್ಕಿನಲ್ಲೊಂದು ಗೊಂಬೆ

ನಾನು ಹೆಣೆದ ಮೊದಲ ಸೂಪರ್‌ಹೀರೋಗೆ ಎದೆಯ ಮೇಲಿನ ನಕ್ಷತ್ರ ಕಂಕುಳಲ್ಲಿತ್ತು. ಲೆಕ್ಕ ತಪ್ಪಿರಲಿಲ್ಲ. ಎರಡು ಬಣ್ಣದ ನೂಲು ಹಿಡಿದು, ಕಾಗದದ ಮೇಲೆ ಚೌಕ ಹಾಕಿ, ಒಂದೊಂದೇ ಸ್ಟಿಚ್ ಎಣಿಸಿ ಹೆಣೆದಿದ್ದೆ. ಆದರೂ ನಕ್ಷತ್ರ ವಾಲುತ್ತಾ ವಾಲುತ್ತಾ ಪಕ್ಕಕ್ಕೆ ಸರಿದುಬಿಟ್ಟಿತು. ಯಾಕೆ ಅಂತ ಗೊತ್ತಾಗೋದಕ್ಕೆ ಇನ್ನೆರಡು ಗೊಂಬೆ ಬೇಕಾಯ್ತು. ಸುರುಳಿಯಾಗಿ ಹೆಣೆಯುವಾಗ ಪ್ರತಿ ಸ್ಟಿಚ್ಚೂ ಕೆಳಗಿನ ಸ್ಟಿಚ್ಚಿನ ನೇರ ತಲೆಯ ಮೇಲೆ ಕೂರುವುದಿಲ್ಲ, ಒಂಚೂರು ಬಲಕ್ಕೆ ಸರಿದು ಕೂರುತ್ತದೆ. ಎಡಗೈಯವರಿಗೆ ಎಡಕ್ಕೆ. ಒಂದು ಸುತ್ತಿನಲ್ಲಿ ಇದು ಕಾಣಿಸೋದೇ ಇಲ್ಲ, ಹತ್ತು ಸುತ್ತು ಆದ ಮೇಲೆ ಚೆನ್ನಾಗಿಯೇ ಕಾಣಿಸುತ್ತದೆ.

ಹಾಗಾಗಿ ಈ ಗೊಂಬೆಯಲ್ಲಿ ಮೈಯ ಮೇಲೆ ಬರೀ ಅಡ್ಡ ಪಟ್ಟಿಗಳು. ಬೂಟು, ಬೆಲ್ಟು, ಮುಖವಾಡ ಎಲ್ಲ ಸುತ್ತಲೂ ಬರುವ ಪಟ್ಟಿ, ಆದ್ದರಿಂದ ಸರಿದರೂ ಏನೂ ಆಗುವುದಿಲ್ಲ. ಕಣ್ಣು, ಕೈ, ಎದೆಯ ಗುರುತು, ಕೇಪ್, ಅಂದರೆ ಹಿಂದೆ-ಮುಂದೆ ಇರುವ ಯಾವುದೇ ಆದರೂ ಆಮೇಲೆ.

ಈ ಥರದ ಗೊಂಬೆಗಳಿಗೆ ಅಮಿಗುರುಮಿ ಅನ್ನುತ್ತಾರೆ. ಜಪಾನಿ ಹೆಸರು. ‘ಅಮಿ’ ಅಂದರೆ ಹೆಣೆದದ್ದು, ‘ನುಯಿಗುರುಮಿ’ ಅಂದರೆ ಒಳಗೆ ತುಂಬಿಸಿದ ಗೊಂಬೆ, ಎರಡೂ ಸೇರಿ ಒಂದು ಪದ. ಇದಕ್ಕೆ ಬೇಕಾದ ಹೊಲಿಗೆ ಮುಖ್ಯವಾಗಿ ಒಂದೇ, ಸಿಂಗಲ್ ಕ್ರೋಶಾ. ಒಂದು ವಿಷಯ ನೆನಪಿರಲಿ. ಅಮೆರಿಕದ ಪ್ಯಾಟರ್ನ್‌ಗಳಲ್ಲಿ ಸಿಂಗಲ್ ಅನ್ನುವುದನ್ನೇ ಬ್ರಿಟಿಷ್ ಪ್ಯಾಟರ್ನ್‌ಗಳು ಡಬಲ್ ಅನ್ನುತ್ತವೆ. ಇಲ್ಲಿ ನಾನು ಹೇಳುವ ಸಿಂಗಲ್ ಅಮೆರಿಕದ್ದು: ಹುಕ್ ಒಳಗೆ ಹಾಕಿ, ನೂಲು ಎಳೆದು, ಮತ್ತೆ ನೂಲು ಸುತ್ತಿ ಎರಡೂ ಕುಣಿಕೆಯಿಂದ ಹೊರಗೆ ತೆಗೆಯುವುದು, ಅಷ್ಟೇ.

ಏನೇನು ಬೇಕು

2.5 ಮಿ.ಮೀ. ಹುಕ್, ಕೇಪಿಗೆ ಮಾತ್ರ 3 ಮಿ.ಮೀ. ತೀರಾ ದಪ್ಪವೂ ಅಲ್ಲದ, ತೆಳುವೂ ಅಲ್ಲದ ಕಾಟನ್ ನೂಲು. ಅಕ್ರಿಲಿಕ್ ಉಲ್ಲನ್ ಆದರೂ ನಡೆಯುತ್ತದೆ. ಆದರೆ ಮಖಮಲ್ಲಿನ ಥರ ಮೆತ್ತಗಿರುವ ನೂಲನ್ನು ಮೊದಲ ಗೊಂಬೆಗೆ ಮುಟ್ಟಲೇಬೇಡಿ. ಅದರಲ್ಲಿ ಸ್ಟಿಚ್ ಕಣ್ಣಿಗೆ ಕಾಣೋದಿಲ್ಲ, ಬೆರಳಲ್ಲಿ ತಡವಿ ಹುಡುಕಬೇಕು. ಕಪ್ಪು ನೂಲಿನದ್ದೂ ಅದೇ ಗೋಳು. ನಾನು ಮೈಗೆ ಹಸಿರು, ಬೂಟು-ಕೈಗವಸು-ಕೇಪಿಗೆ ಮೆರೂನ್, ಬೆಲ್ಟಿಗೆ ಹಳದಿ, ಮುಖವಾಡಕ್ಕೆ ಕಡುನೀಲಿ, ಕೂದಲಿಗೆ ಕಂದು, ಜೊತೆಗೆ ಮುಖದ ಬಣ್ಣ ಇಟ್ಟುಕೊಂಡಿದ್ದೇನೆ. ನಿಮ್ಮ ಹೀರೋ, ನಿಮ್ಮ ಬಣ್ಣ. ಸಿನಿಮಾದ ಹೀರೋನನ್ನೇ ಮಾಡಬೇಕು ಅಂತಿದ್ದರೆ ಮನೆಯ ಮಗುವಿಗೆ ಮಾಡಿ ಕೊಡಿ. ಮಾರುವುದಾದರೆ ಅದು ಹಕ್ಕುಸ್ವಾಮ್ಯದ ವಿಷಯ, ಆಗ ಸ್ವಂತ ಹೀರೋನೇ ವಾಸಿ.

ಇವುಗಳ ಜೊತೆಗೆ ಗೊಂಬೆಗೆ ತುಂಬುವ ಫೈಬರ್, ದೊಡ್ಡ ಕಣ್ಣಿನ ಮೊಂಡು ಸೂಜಿ, ಕತ್ತರಿ, ಸುತ್ತಿನ ಮೊದಲ ಸ್ಟಿಚ್ಚಿಗೆ ಗುರುತಾಗಿ ಹಾಕಲು ಒಂದು ಸೇಫ್ಟಿ ಪಿನ್. ಕಣ್ಣಿಗೆ 6 ಮಿ.ಮೀ. ಸೇಫ್ಟಿ ಐ, ಅಂದರೆ ಹಿಂದಿನಿಂದ ಬಿಲ್ಲೆ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕಣ್ಣು. ಹೆಸರಲ್ಲಿ ಸೇಫ್ಟಿ ಇದೆ ಅಂತ ನಂಬಿಬಿಡಬೇಡಿ. ಗೊಂಬೆ ಮೂರು ವರ್ಷದೊಳಗಿನ ಮಗುವಿಗೆ ಅಂತಾದರೆ ಪ್ಲಾಸ್ಟಿಕ್ ಕಣ್ಣು ಬೇಡವೇ ಬೇಡ, ನೂಲಿನಲ್ಲೇ ಕಣ್ಣು ಹೊಲಿಯಿರಿ. ಮಗು ಅದನ್ನು ಬಾಯಿಗೆ ಹಾಕಿಕೊಳ್ಳದೆ ಬಿಡುತ್ತಾ?

ಹೆಣೆಯೋಕೆ ಶುರುಮಾಡುವ ಮೊದಲೇ ಇನ್ನೊಂದು ಕೆಲಸ ಇದೆ. ಗಾಢ ಬಣ್ಣದ ನೂಲಿನ ಒಂದು ತುಂಡನ್ನು ಒದ್ದೆ ಮಾಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ, ಚೆನ್ನಾಗಿ ಹಿಂಡಿ ನೋಡಿ. ಬಟ್ಟೆಗೆ ಬಣ್ಣ ಹತ್ತಿತಾ? ಹಾಗಾದರೆ ಆ ನೂಲು ಬೇಡ. ನಾನು ಇದನ್ನು ಮಾಡದೆ, ಮುಗಿದ ಗೊಂಬೆಯನ್ನು ತೊಳೆದು ಒಣಗಲು ಇಟ್ಟೆ. ಬೆಳಿಗ್ಗೆ ನೋಡಿದರೆ ಹೀರೋನ ಗಲ್ಲ, ಕುತ್ತಿಗೆ ಎಲ್ಲ ಕೇಪಿನ ಬಣ್ಣ ಕುಡಿದು ಗುಲಾಬಿಯಾಗಿತ್ತು. ನಾಚಿಕೊಂಡ ಹೀರೋ ಅಂತ ಮನೆಯವರೆಲ್ಲ ನಕ್ಕರು.

ಕಾಲಿನಿಂದ ಶುರು

ಮೆರೂನ್ ನೂಲಿನಲ್ಲಿ ಮ್ಯಾಜಿಕ್ ರಿಂಗ್ ಮಾಡಿ. ಬೆರಳಿಗೆ ನೂಲನ್ನು ಒಂದು ಸುತ್ತು ಸುತ್ತಿ, ಆ ಉಂಗುರದೊಳಗೇ 6 ಸಿಂಗಲ್ ಹಾಕಿ, ನೂಲಿನ ಬಾಲ ಹಿಡಿದು ಎಳೆದರೆ ನಡುವಿನ ತೂತು ಮುಚ್ಚಿಕೊಳ್ಳುತ್ತದೆ. ಇದು ಮೊದಲ ಸಲಕ್ಕೆ ಯಾರಿಗೂ ಬರುವುದಿಲ್ಲ, ಬೇಜಾರು ಬೇಡ. ಬರಲೇ ಇಲ್ಲ ಅಂದರೆ 2 ಚೈನ್ ಹಾಕಿ (ಹುಕ್ಕಿನ ಮೇಲಿರುವ ಕುಣಿಕೆಯೊಳಗಿಂದ ನೂಲು ಎಳೆದರೆ ಒಂದು ಚೈನ್), ಹುಕ್ಕಿನಿಂದ ಎರಡನೆಯ ಚೈನಿಗೆ 6 ಸಿಂಗಲ್ ಹಾಕಿ. ಹೆಚ್ಚು ಕಡಿಮೆ ಅದೇ.

2ನೇ ಸುತ್ತು: ಪ್ರತಿ ಸ್ಟಿಚ್ಚಿನಲ್ಲೂ ಎರಡೆರಡು, ಒಟ್ಟು 12.
3ನೇ ಸುತ್ತು: 12, ಆದರೆ ಸ್ಟಿಚ್ಚಿನ ತಲೆಯ ಮೇಲಿನ ಎರಡು ಎಳೆಗಳಲ್ಲಿ ಹಿಂದಿನ ಎಳೆಗೆ ಮಾತ್ರ ಹುಕ್ ಹಾಕಿ. ಪಾದದ ಅಂಚು ಮಡಚಿಕೊಂಡು ಅಡಿ ಚಪ್ಪಟೆ ಆಗುತ್ತದೆ.
4, 5: 12.
6, 7, 8: ಹಸಿರಿನಲ್ಲಿ 12.

ಬಣ್ಣ ಬದಲಿಸುವುದರಲ್ಲಿ ಒಂದು ಸಣ್ಣ ಕೈಚಳಕ ಇದೆ. ಹೊಸ ಬಣ್ಣವನ್ನು ಹೊಸ ಸ್ಟಿಚ್ಚಿನಲ್ಲಿ ಶುರುಮಾಡಬಾರದು. ಹಳೆ ಬಣ್ಣದ ಕೊನೆಯ ಸ್ಟಿಚ್ ಅರ್ಧ ಆಗಿ, ಹುಕ್ಕಿನ ಮೇಲೆ ಎರಡು ಕುಣಿಕೆ ಉಳಿದಿದೆ ಅಲ್ವಾ, ಅಲ್ಲಿ ನಿಲ್ಲಿಸಿ. ಹಳೆ ನೂಲನ್ನು ಒಳಗಡೆ ಬಿಡಿ, ಹೊಸ ನೂಲು ಸುತ್ತಿ ಆ ಎರಡು ಕುಣಿಕೆಯಿಂದ ಎಳೆಯಿರಿ. ಈಗ ಹುಕ್ಕಿನ ಮೇಲಿರುವ ಕುಣಿಕೆ ಹೊಸ ಬಣ್ಣದ್ದು, ಹಾಗಾಗಿ ಮುಂದಿನ ಸ್ಟಿಚ್ ತಲೆಯಿಂದ ಕಾಲಿನವರೆಗೂ ಹೊಸ ಬಣ್ಣದಲ್ಲೇ ಬರುತ್ತದೆ. ಇಲ್ಲದಿದ್ದರೆ ಬೂಟಿನ ಅಂಚಿನಲ್ಲಿ ಅರ್ಧ ಮೆರೂನ್ ಅರ್ಧ ಹಸಿರಿನ ಒಂದು ಸ್ಟಿಚ್ ಉಳಿದುಹೋಗುತ್ತದೆ.

ಇನ್ನೊಂದು ಮಾತು, ಗೊಂಬೆಯ ಒಳಗು-ಹೊರಗು. ಹೊಸಬರ ಗೊಂಬೆ ಎಷ್ಟೋ ಸಲ ಒಳಮೈ ಹೊರಗೆ ಮಾಡಿಕೊಂಡಿರುತ್ತದೆ. ಹೊರಮೈಯಲ್ಲಿ ಸಣ್ಣ ಸಣ್ಣ ಬಾಣದ ತುದಿಗಳನ್ನು ಸಾಲಾಗಿ ಜೋಡಿಸಿದ ಹಾಗೆ ಕಾಣಬೇಕು. ಅಡ್ಡಡ್ಡ ಗೆರೆಗಳು ಜಾಸ್ತಿ ಕಾಣುತ್ತಿದ್ದರೆ ಅದು ಒಳಮೈ. ಮೂರನೇ ಸುತ್ತಿನಲ್ಲೇ ನೋಡಿ ತಿರುಗಿಸಿಬಿಡಿ.

ಎರಡು ಕಾಲು ಸೇರಿಸುವುದು

ಮೊದಲ ಕಾಲಿನ ನೂಲು ಕತ್ತರಿಸಿ ಗಂಟು ಹಾಕಿ. ಎರಡನೆಯದನ್ನು ಕತ್ತರಿಸಬೇಡಿ, ಅದರಿಂದಲೇ 3 ಚೈನ್ ಹಾಕಿ, ಮೊದಲ ಕಾಲಿಗೆ ಒಂದು ಸಿಂಗಲ್ ಹಾಕಿ ಸೇರಿಸಿ. ಈ ಸ್ಟಿಚ್ಚಿಗೆ ಪಿನ್ ಹಾಕಿ, 9ನೇ ಸುತ್ತು ಇಲ್ಲಿಂದ ಶುರು. ಮೊದಲ ಕಾಲಿನ ಸುತ್ತ 12 (ಪಿನ್ ಹಾಕಿದ್ದೂ ಸೇರಿ), ಚೈನಿನ ಮೇಲೆ 3, ಎರಡನೇ ಕಾಲಿನ ಸುತ್ತ 12, ಚೈನಿನ ಇನ್ನೊಂದು ಮಗ್ಗುಲಿಗೆ 3. ಒಟ್ಟು 30. ಇಲ್ಲಿ 29 ಅಥವಾ 31 ಬಂದರೆ ಮುಂದಕ್ಕೆ ಹೋಗಬೇಡಿ, ಬಿಚ್ಚಿ. ಆಮೇಲೆ ಸರಿಮಾಡಿಕೊಳ್ಳೋಣ ಅನ್ನುವ ಒಂದು ಸ್ಟಿಚ್ಚೇ ಕುತ್ತಿಗೆ ಹತ್ತಿರ ಬಂದಾಗ ತಲೆ ತಿನ್ನುವುದು.

ಈಗ ಗೊಂಬೆಯನ್ನು ಮಟ್ಟಸವಾಗಿ ಹಿಡಿದು ನೋಡಿ, ಪಿನ್ ಇರುವ ಮಗ್ಗುಲೇ ಬೆನ್ನು. ಸುತ್ತು ಶುರುವಾಗುವ ಜಾಗದಲ್ಲಿ ಬಣ್ಣ ಬದಲಿಸಿದಾಗಲೆಲ್ಲ ಒಂದು ಸಣ್ಣ ಮೆಟ್ಟಿಲು ಕಾಣುತ್ತದೆ, ಸುರುಳಿಯಲ್ಲಿ ಅದನ್ನು ಪೂರ್ತಿ ತಪ್ಪಿಸಲು ಆಗುವುದಿಲ್ಲ. ಅದು ಬೆನ್ನಿಗೇ ಬರಲಿ, ಹೇಗೂ ಕೇಪ್ ಮುಚ್ಚುತ್ತದೆ. ಪಿನ್ ನಿಧಾನಕ್ಕೆ ಪಕ್ಕಕ್ಕೆ ಸರಿಯುತ್ತಾ ಹೋಗುತ್ತದೆ ಅಂತ ಆಗಲೇ ಹೇಳಿದೆನಲ್ಲ, ಬಣ್ಣ ಬದಲಿಸುವ ಮೊದಲು ಅದು ಬೆನ್ನಿನ ಮಧ್ಯ ಇಲ್ಲ ಅನ್ನಿಸಿದರೆ ಒಂದೋ ಎರಡೋ ಸಿಂಗಲ್ ಜಾಸ್ತಿ ಹೆಣೆದು ಪಿನ್ನನ್ನು ಅಲ್ಲಿಗೆ ಸರಿಸಿಕೊಳ್ಳಿ. ಸುತ್ತಿನ ಲೆಕ್ಕ ಅಲ್ಲಿಂದ.

10, 11: ಹಸಿರಿನಲ್ಲಿ 30.
12: ಹಳದಿಯಲ್ಲಿ 30, ಇದೇ ಬೆಲ್ಟು.
13 ರಿಂದ 16: ಮತ್ತೆ ಹಸಿರು, 30.
17: 3 ಸಿಂಗಲ್, ಒಂದು ಇಳಿಕೆ, ಹೀಗೆ 6 ಸಲ, ಒಟ್ಟು 24.
18: 24.
19: 2 ಸಿಂಗಲ್, ಒಂದು ಇಳಿಕೆ, 6 ಸಲ, ಒಟ್ಟು 18.

ಇಳಿಕೆ ಅಂದರೆ ಎರಡು ಸ್ಟಿಚ್ಚನ್ನು ಒಂದು ಮಾಡುವುದು. ಎರಡು ಸ್ಟಿಚ್ಚಿನ ಮುಂದಿನ ಎಳೆಗಳಿಗೆ ಮಾತ್ರ ಒಂದಾದ ಮೇಲೊಂದು ಹುಕ್ ತೂರಿಸಿ, ನೂಲು ಸುತ್ತಿ ಎರಡೂ ಎಳೆಯಿಂದ ಎಳೆದು, ಮಾಮೂಲಿ ಸಿಂಗಲ್ಲಿನ ಹಾಗೆ ಮುಗಿಸಿ. ಹೀಗೆ ಮಾಡಿದರೆ ಇಳಿಕೆಯ ಜಾಗದಲ್ಲಿ ಗುಬುಟು ಏಳುವುದಿಲ್ಲ, ತೂತೂ ಬೀಳುವುದಿಲ್ಲ.

19 ಆದ ಕೂಡಲೇ ಕಾಲು, ಹೊಟ್ಟೆಗೆ ಫೈಬರ್ ತುಂಬಿ. ಒಂದೇ ದೊಡ್ಡ ಉಂಡೆ ತುರುಕಬೇಡಿ, ಚೂರು ಚೂರು ಬಿಡಿಸಿ, ಪೆನ್ಸಿಲಿನ ಮೊಂಡು ತುದಿಯಿಂದ ಬೂಟಿನ ತನಕ ತಳ್ಳಿ. ಎಷ್ಟು ತುಂಬಬೇಕು? ಒತ್ತಿ ಬಿಟ್ಟರೆ ತಟ್ಟನೆ ಮೇಲೆ ಬರಬೇಕು, ಆದರೆ ಸ್ಟಿಚ್ಚಿನ ಸಂದಿಯಲ್ಲಿ ಬಿಳಿ ಇಣುಕಬಾರದು. ಎರಡು ಕಾಲಿನ ನಡುವೆ ತೂತು ಉಳಿದಿದ್ದರೆ ಮೊದಲ ಕಾಲಿನ ಬಾಲದ ನೂಲಿನಿಂದಲೇ ಹೊಲಿಯಿರಿ.

20: 1 ಸಿಂಗಲ್, ಒಂದು ಇಳಿಕೆ, 6 ಸಲ, ಒಟ್ಟು 12. ಇದು ಕುತ್ತಿಗೆ.

ತಲೆ

21: ಮುಖದ ಬಣ್ಣದಲ್ಲಿ 12.
22: ಪ್ರತಿ ಸ್ಟಿಚ್ಚಿನಲ್ಲೂ ಎರಡು, 24.
23: 3 ಸಿಂಗಲ್, ಮುಂದಿನದರಲ್ಲಿ ಎರಡು, 6 ಸಲ, 30.
24: 4 ಸಿಂಗಲ್, ಮುಂದಿನದರಲ್ಲಿ ಎರಡು, 6 ಸಲ, 36.
25, 26, 27: 36.
28, 29, 30: ಕಡುನೀಲಿಯಲ್ಲಿ 36, ಮುಖವಾಡ.
31, 32: ಕೂದಲಿನ ಬಣ್ಣದಲ್ಲಿ 36.

ಇಲ್ಲಿ ಹುಕ್ ಕೆಳಗಿಡಿ. ಕಣ್ಣು ಕೂರಿಸಲು ಇದೇ ಹೊತ್ತು. 29 ಮತ್ತು 30ರ ನಡುವೆ, ಎರಡು ಕಣ್ಣಿನ ನಡುವೆ 6 ಅಥವಾ 7 ಸ್ಟಿಚ್ ಬಿಟ್ಟು, ಕಾಲುಗಳನ್ನು ನೇರ ನಿಮ್ಮ ಕಡೆ ಹಿಡಿದು ಅಂದಾಜು ಮಾಡಿ. ಹಿಂದಿನ ಬಿಲ್ಲೆ ಒತ್ತಿದ ಮೇಲೆ ಕಣ್ಣು ವಾಪಸ್ ಬರುವುದಿಲ್ಲ, ಅದಕ್ಕೇ ಬರೀ ಚುಚ್ಚಿ ಇಟ್ಟು, ಮಾರು ದೂರದಲ್ಲಿ ನಿಲ್ಲಿಸಿ ನೋಡಿ. ಒಂದು ಸ್ಟಿಚ್ ಹತ್ತಿರವಾದರೆ ಹೀರೋ ಕೋಪಿಷ್ಠ, ಒಂದು ಸ್ಟಿಚ್ ದೂರವಾದರೆ ಪೆದ್ದ. ನನಗೆ ಪೆದ್ದ ಹೀರೋಗಳೇ ಇಷ್ಟ. ಕಡುನೀಲಿಯ ಮೇಲೆ ಕಪ್ಪು ಕಣ್ಣು ಎದ್ದು ಕಾಣುವುದಿಲ್ಲ, ಆದ್ದರಿಂದ ಬಿಳಿ ಫೆಲ್ಟ್ ಬಟ್ಟೆಯ ಬಾದಾಮಿ ಆಕಾರದ ಎರಡು ತುಂಡು ಕತ್ತರಿಸಿ, ನಡುವೆ ಸಣ್ಣ ತೂತು ಮಾಡಿ, ಕಣ್ಣಿನ ಕೆಳಗೆ ಕೊಟ್ಟು ಒತ್ತಿ.

ಕುತ್ತಿಗೆಯನ್ನು ಈಗಲೇ ಬಿಗಿಯಾಗಿ ತುಂಬಬೇಕು. ತಲೆ 36 ಸ್ಟಿಚ್, ಕುತ್ತಿಗೆ ಬರೀ 12, ಇಷ್ಟು ಭಾರ ಹೊರಲು ಅದಕ್ಕೆ ತ್ರಾಣ ಬೇಕಲ್ಲ? ಫೈಬರನ್ನು ಬತ್ತಿಯ ಹಾಗೆ ಗಟ್ಟಿಯಾಗಿ ಹೊಸೆದು, ಅರ್ಧ ಹೊಟ್ಟೆಯೊಳಗೆ, ಅರ್ಧ ತಲೆಯೊಳಗೆ ಬರುವ ಹಾಗೆ ಇಳಿಸಿ. ಸುತ್ತಲೂ ಮಾಮೂಲಿನಂತೆ ತುಂಬಿ.

33 ರಿಂದ 37: ಪ್ರತಿ ಸುತ್ತಿನಲ್ಲೂ 6 ಇಳಿಕೆ. ಇಳಿಕೆಗಳ ನಡುವೆ ಕ್ರಮವಾಗಿ 4, 3, 2, 1, ಕೊನೆಗೆ ಸೊನ್ನೆ ಸಿಂಗಲ್. 30, 24, 18, 12, 6 ಅಂತ ಬರುತ್ತದೆ. ನಡುನಡುವೆ ತಲೆ ತುಂಬುತ್ತಾ ಹೋಗಿ. ಉಳಿದ 6 ಸ್ಟಿಚ್ಚಿನ ಮುಂದಿನ ಎಳೆಗಳಲ್ಲಿ ಸೂಜಿ ಓಡಿಸಿ ಎಳೆದರೆ ತಲೆ ಮುಚ್ಚಿತು.

ಕೈ, ಕೇಪ್, ಎದೆಯ ಗುರುತು

ಕೈ ಎರಡು. ಮೆರೂನಿನಲ್ಲಿ ರಿಂಗಿಗೆ 6, ಮುಂದಿನ ಸುತ್ತು ಒಂದು ಬಿಟ್ಟೊಂದರಲ್ಲಿ ಎರಡು ಹಾಕಿ 9, ಇನ್ನೆರಡು ಸುತ್ತು 9, ಆಮೇಲೆ ಹಸಿರಿನಲ್ಲಿ 7 ಸುತ್ತು. ಅಂಗೈಗಷ್ಟೇ ಫೈಬರ್ ಹಾಕಿ, ತೋಳು ಖಾಲಿ ಇರಲಿ, ಇಲ್ಲದಿದ್ದರೆ ಕೈ ಎರಡೂ ಅಡ್ಡಕ್ಕೆ ಸೆಟೆದು ನಿಲ್ಲುತ್ತವೆ. ಬಾಯಿಯನ್ನು ಒತ್ತಿ ಎರಡೂ ಪದರ ಸೇರಿಸಿ 4 ಸಿಂಗಲ್ ಹಾಕಿ, 18ನೇ ಸುತ್ತಿನ ಹತ್ತಿರ ಹೊಲಿಯಿರಿ. ಹೊಲಿಯುವ ಮೊದಲು ಪಿನ್ ಚುಚ್ಚಿ ಎರಡೂ ಸಮ ಇದೆಯಾ ಅಂತ ಮೇಲಿನಿಂದ ನೋಡಿ.

ಕೇಪಿಗೆ 3 ಮಿ.ಮೀ. ಹುಕ್. 2.5ರಲ್ಲಿ ಹೆಣೆದರೆ ರಟ್ಟಿನ ಹಾಗೆ ನಿಲ್ಲುತ್ತದೆ, ಬೀಳುವುದಿಲ್ಲ. 13 ಚೈನ್ ಹಾಕಿ, ಹುಕ್ಕಿನಿಂದ ಎರಡನೆಯದರಿಂದ ಶುರುಮಾಡಿ 12 ಸಿಂಗಲ್. ಪ್ರತಿ ಸಾಲಿನ ಕೊನೆಗೆ 1 ಚೈನ್ ಹಾಕಿ ತಿರುಗಿಸಿ. ಒಟ್ಟು 16 ಸಾಲು. 5, 9, 13ನೇ ಸಾಲಿನಲ್ಲಿ ಮೊದಲ ಮತ್ತು ಕೊನೆಯ ಸ್ಟಿಚ್ಚಿನಲ್ಲಿ ಎರಡೆರಡು ಹಾಕಿ, 12 ಇದ್ದದ್ದು 14, 16, 18 ಆಗಿ ಕೆಳಗೆ ಅಗಲವಾಗುತ್ತದೆ. ಅಂಚು ಸುರುಳಿಕೊಂಡರೆ ಕಾಟನ್ ಆದರೆ ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಬಹುದು. ಅಕ್ರಿಲಿಕ್ಕಿಗೆ ಇಸ್ತ್ರಿ ತಾಗಿಸಬೇಡಿ, ಕರಗಿ ಜೋತುಬೀಳುತ್ತದೆ. ಕೇಪಿನ ಮೇಲಂಚನ್ನು 20ನೇ ಸುತ್ತಿಗೆ ಬೆನ್ನ ಕಡೆಯಿಂದ ಹೊಲಿದುಬಿಡಿ. ದಾರದಲ್ಲಿ ಕಟ್ಟುವ ಕೇಪ್ ನೋಡಲು ಚೆಂದ, ಆದರೆ ಸಣ್ಣ ಮಕ್ಕಳ ಕೈಗೆ ಉದ್ದ ದಾರ ಒಳ್ಳೆಯದಲ್ಲ.

ಕೊನೆಗೆ ಎದೆ. ನಕ್ಷತ್ರ, ಮಿಂಚು ಎಲ್ಲರೂ ಹಾಕುತ್ತಾರೆ, ನಾನು ಮಗುವಿನ ಹೆಸರಿನ ಮೊದಲ ಅಕ್ಷರ ಹಾಕುತ್ತೇನೆ. ಹಳದಿ ಫೆಲ್ಟಿನ ಸಣ್ಣ ಬಿಲ್ಲೆಯ ಮೇಲೆ ಸರಪಳಿ ಹೊಲಿಗೆಯಲ್ಲಿ ಅಕ್ಷರ ಬಿಡಿಸಿ, ಆಮೇಲೆ ಬಿಲ್ಲೆಯನ್ನು ಎದೆಗೆ ಹೊಲಿಯಿರಿ. ಗೊಂಬೆಯ ಮೇಲೆ ನೇರ ಹೊಲಿಯೋಕೆ ಹೋದರೆ ಗೆರೆ ಸ್ಟಿಚ್ಚುಗಳ ನಡುವೆ ಮುಳುಗಿಹೋಗುತ್ತದೆ. ಕನ್ನಡದ ಅಕ್ಷರಗಳು ದುಂಡಗಿರುವುದು ಇಲ್ಲಿ ಅನುಕೂಲ, ಸರಪಳಿ ಹೊಲಿಗೆ ತಿರುವಿನಲ್ಲಿ ತಾನಾಗಿ ಬಾಗುತ್ತದೆ. ರ, ಠ ಹತ್ತು ನಿಮಿಷದ ಕೆಲಸ. ಮಗುವಿನ ಹೆಸರು ಕ್ಷ ದಿಂದ ಶುರುವಾದರೆ, ಬಿಲ್ಲೆ ಸ್ವಲ್ಪ ದೊಡ್ಡದು ಕತ್ತರಿಸಿಕೊಳ್ಳಿ.

ಉಳಿದ ಬಾಲಗಳನ್ನೆಲ್ಲ ಸೂಜಿಗೆ ಪೋಣಿಸಿ ಹೊಟ್ಟೆಯೊಳಗೆ ತೂರಿಸಿ, ಇನ್ನೊಂದು ಕಡೆ ಹೊರಗೆ ತೆಗೆದು, ಸ್ವಲ್ಪ ಎಳೆದು ಹಿಡಿದು ಬುಡಕ್ಕೆ ಕತ್ತರಿಸಿ. ತುದಿ ತಾನೇ ಒಳಗೆ ಸೇರಿಕೊಳ್ಳುತ್ತದೆ. ಹೀರೋ ಈಗ ಸುಮಾರು 13-15 ಸೆಂ.ಮೀ. ಎತ್ತರ, ನಿಮ್ಮ ಕೈ ಬಿಗಿಯಾ ಸಡಿಲಾ ಅನ್ನುವುದರ ಮೇಲೆ ಹೆಚ್ಚು ಕಡಿಮೆ. ಕೊಳೆಯಾದರೆ ತಣ್ಣೀರಲ್ಲಿ ಕೈಯಲ್ಲೇ ತೊಳೆದು, ಟವೆಲ್ಲಿನಲ್ಲಿ ಒತ್ತಿ, ಮಲಗಿಸಿ ಒಣಗಿಸಿ. ಕೇಪ್ ಹಿಡಿದು ತಂತಿಗೆ ನೇತುಹಾಕಿದರೆ ನೀರಿನ ಭಾರಕ್ಕೆ ಕುತ್ತಿಗೆ ಜಗ್ಗಿ, ಸಂಜೆ ಹೊತ್ತಿಗೆ ಹೀರೋ ಜಿರಾಫೆ ಆಗಿರುತ್ತಾನೆ.