ಮಳೆಯಲ್ಲಿ ನೆನೆದ ಅಥಣಿ ಚಪ್ಪಲಿಗೆ ಏನು ಮಾಡಬೇಕು?

ಮೊದಲು ಹೇಳಿಬಿಡ್ತೀನಿ, ಬಿಸಿಲಿಗೆ ಇಡಬೇಡಿ. ನಾನೊಮ್ಮೆ ಅವಸರದಲ್ಲಿ ಒಲೆ ಪಕ್ಕ ಇಟ್ಟಿದ್ದೆ, ಬೆಳಿಗ್ಗೆ ನೋಡಿದರೆ ಉಂಗುಟದ ಪಟ್ಟಿ ಹಪ್ಪಳದ ಹಾಗೆ ಸೆಟೆದುಕೊಂಡಿತ್ತು! ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ತೊಗಲು ಅಲ್ವಾ, ಒದ್ದೆ ಇದ್ದಾಗ ಬಿಸಿ ತಾಗಿದರೆ ಕುಗ್ಗಿ ಗಟ್ಟಿಯಾಗುತ್ತದೆ.

ಒಣ ಬಟ್ಟೆಯಲ್ಲಿ ಒರೆಸಿ, ನೆರಳಲ್ಲಿ ಗಾಳಿಗೆ ಬಿಡಿ. ಪೂರ್ತಿ ಒಣಗುವವರೆಗೆ ಕಾಯಬೇಡಿ, ಮುಟ್ಟಿದರೆ ಇನ್ನೂ ತಣ್ಣಗೆ ಅನಿಸುವಾಗಲೇ ಎರಡು ಮೂರು ಹನಿ ಹರಳೆಣ್ಣೆಯನ್ನು ಬಟ್ಟೆಗೆ ಹಾಕಿಕೊಂಡು ತಿಕ್ಕಿ, ಆಗ ನೀರು ಆರುತ್ತಾ ಹೋದ ಹಾಗೆ ಎಣ್ಣೆ ಒಳಗೆ ಇಳಿಯುತ್ತದೆ. ಪಟ್ಟಿಯನ್ನು ಬೆರಳಲ್ಲಿ ಮೆಲ್ಲಗೆ ಬಗ್ಗಿಸುತ್ತಾ ಇರಿ. ಎಣ್ಣೆ ಜಾಸ್ತಿ ಬೇಡ, ಬಣ್ಣ ಕಪ್ಪಾಗುತ್ತದೆ, ಧೂಳೂ ಅಂಟುತ್ತದೆ. ಹೊಲಿಗೆ ಬಿಟ್ಟಿದ್ದರೆ ಮಾತ್ರ ಗೋಂದು ಹಚ್ಚಬೇಡಿ, ಮೋಚಿಯ ಹತ್ತಿರ ಹೋಗಿ.